ಯಕ್ಷಗಾನದ ಬಣ್ಣದ ವೇಷ: ಮುಖ ಬರೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯಕ್ಷಗಾನದ ಆಟ ನೋಡಲು ಬಂದವರು ಚೌಕಿಯ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದ ಕಡೆ ಒಮ್ಮೆಯಾದರೂ ಇಣುಕುತ್ತಾರೆ. ಅಲ್ಲಿ ಕಲಾವಿದರು ನೆಲದ ಮೇಲೆ ಕೂತು, ಕನ್ನಡಿ ನೋಡುತ್ತಾ, ತಮ್ಮ ಮುಖದ ಮೇಲೆ ತಾವೇ ರಾಕ್ಷಸನನ್ನು ಬರೆಯುತ್ತಿರುತ್ತಾರೆ. ಅದನ್ನು ಕಂಡವರಿಗೆ ಹತ್ತಾರು ಪ್ರಶ್ನೆ ಹುಟ್ಟುತ್ತವೆ. ಆದರೆ ಆ ಹೊತ್ತಿನಲ್ಲಿ ಅವರನ್ನು ಮಾತಾಡಿಸುವುದು ಸರಿಯಲ್ಲ. ಹಾಗಾಗಿ ಹವ್ಯಾಸಿ ವೇಷಧಾರಿಯಾಗಿ, ಹಿರಿಯರ ಪಕ್ಕ ಕೂತು ನೋಡಿ ಕಲಿತವನಾಗಿ ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರಗಳ ವೇಷದ ಬಗ್ಗೆಯೇ ಜಾಸ್ತಿ ಮಾತಿದೆ. ಬಣ್ಣ, ಹಿಟ್ಟು, ಚರ್ಮ, ಬೆರಳು ಎಲ್ಲವೂ ಒಟ್ಟಿಗೆ ದುಡಿಯುವುದು ಅಲ್ಲಿಯೇ.

ಯಕ್ಷಗಾನದವರು ನಿಜವಾಗಿಯೂ ತಮ್ಮ ಮುಖಕ್ಕೆ ತಾವೇ ಬಣ್ಣ ಹಾಕಿಕೊಳ್ತಾರಾ?

ಹೌದು. ವೃತ್ತಿ ಮೇಳಗಳಲ್ಲಿ ಇದು ಮೊದಲಿನಿಂದ ಬಂದ ಕ್ರಮ. ವೇಷ ಕಟ್ಟಲು ನೇಪಥ್ಯದವರು ಇರುತ್ತಾರೆ. ಬಟ್ಟೆ ಬಿಗಿಯಲು, ಭುಜಕೀರ್ತಿ, ಎದೆಪದಕ ಕಟ್ಟಲು, ಕಿರೀಟ ಇಡಲು ಅವರ ಕೈ ಬೇಕೇ ಬೇಕು. ಮುಖ ಮಾತ್ರ ಕಲಾವಿದರ ಸ್ವಂತ ಕೆಲಸ. ನಮ್ಮ ಪಕ್ಕದ ಕಥಕಳಿಯಲ್ಲಿ ಹಾಗಿಲ್ಲ. ಅಲ್ಲಿ ನಟರು ಮೊದಲ ಗೆರೆಗಳನ್ನು ತಾವೇ ಎಳೆದುಕೊಂಡರೂ, ಮುಖದ ಅಂಚಿನ ಬಿಳಿ ಚೌಕಟ್ಟಾದ ಚುಟ್ಟಿ ಕೂರಿಸುವಾಗ ನೆಲದ ಮೇಲೆ ಮಲಗುತ್ತಾರೆ. ಅದಕ್ಕೆಂದೇ ಇರುವ ಕಲಾವಿದರು ಬಂದು ಆ ಕೆಲಸ ಮಾಡುತ್ತಾರೆ. ಯಕ್ಷಗಾನದ ಬಣ್ಣದ ವೇಷಧಾರಿಗೆ ಮಲಗುವ ಹಾಗಿಲ್ಲ. ಕೂತು, ಕನ್ನಡಿ ನೋಡಿ, ಶುರುವಿಂದ ಕೊನೆಯವರೆಗೆ ತಾನೇ ಬರೆದುಕೊಳ್ಳಬೇಕು.

ಈಗ ಹವ್ಯಾಸಿ ತಂಡಗಳಲ್ಲಿ, ಶಾಲೆಗಳ ಕಾರ್ಯಕ್ರಮಗಳಲ್ಲಿ ಮೇಕಪ್ ಮಾಡುವವರನ್ನು ಕರೆಸುವುದು ರೂಢಿಯಾಗಿದೆ. ಸಮಯ ಇಲ್ಲದಾಗ ಅದು ಅನಿವಾರ್ಯ, ಒಪ್ಪುತ್ತೇನೆ. ಆದರೆ ವೇಷ ಮಾಡುವ ಆಸೆ ಇರುವ ಪ್ರತಿಯೊಬ್ಬರೂ ಮುಖ ಬರೆಯುವುದನ್ನು ಸ್ವತಃ ಕಲಿಯಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಎಂಬುದು ಮುಂದಿನ ಉತ್ತರಗಳಲ್ಲಿ ಬರುತ್ತದೆ.

ಒಂದು ಮುಖ ಬರೆಯಲು ಎಷ್ಟು ಹೊತ್ತು ಬೇಕು?

ಸ್ತ್ರೀವೇಷಕ್ಕೆ, ತರುಣ ವೀರರ ಪುಂಡುವೇಷಕ್ಕೆ ಕೈ ಪಳಗಿದವರಾದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಸಾಕು. ರಾಜವೇಷಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ಚಿಟ್ಟಿ, ಅಂದರೆ ಹಿಟ್ಟಿನ ಬಿಳಿ ಮುಳ್ಳು ಇಡುವ ಬಣ್ಣದ ವೇಷಕ್ಕೆ ಮೂರು, ನಾಲ್ಕು ಗಂಟೆ ಹಿಡಿಯುತ್ತದೆ.

ರಾತ್ರಿಯಿಡೀ ನಡೆಯುವ ಆಟದ ರಚನೆಯೇ ಇದಕ್ಕೆ ಅನುಕೂಲ ಮಾಡಿಕೊಟ್ಟಿದೆ. ಮೊದಲು ಚೌಕಿಯಲ್ಲಿ ಗಣಪತಿ ಪೂಜೆ ಆಗುತ್ತದೆ. ಆಮೇಲೆ ರಂಗದಲ್ಲಿ ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಎಂದು ಪೂರ್ವರಂಗ ನಡೆಯುತ್ತದೆ. ಕಲಿಯುವ ಹುಡುಗರು ಅಲ್ಲಿ ಕುಣಿದು ಕಾಲು ಪಳಗಿಸುತ್ತಿದ್ದರೆ, ಇತ್ತ ಹಿರಿಯರು ನಿಧಾನವಾಗಿ ಬಣ್ಣದ ಪೆಟ್ಟಿಗೆ ತೆರೆಯುತ್ತಾರೆ. ಬಣ್ಣದ ವೇಷ ರಂಗಕ್ಕೆ ಬರುವುದು ಸಾಮಾನ್ಯವಾಗಿ ನಡುರಾತ್ರಿ ಕಳೆದ ಮೇಲೆ. ಪ್ರೇಕ್ಷಕರು ತೂಕಡಿಸಲು ಶುರುಮಾಡಿದ ಹೊತ್ತಿಗೆ ಸರಿಯಾಗಿ ಚೆಂಡೆ ಜೋರಾಗಿ, ದೊಂದಿ ಹೊತ್ತಿ, ರಾಳದ ಪುಡಿ ಭಗ್ಗೆಂದು ಉರಿದು, ಮಹಿಷಾಸುರ ಸಭೆಯ ಹಿಂದಿನಿಂದ ಜನರ ನಡುವೆಯೇ ನುಗ್ಗಿ ಬರುತ್ತಾನೆ.

ಈಗ ಕಾಲಮಿತಿ ಆಟಗಳು ಜಾಸ್ತಿ. ಸಂಜೆ ಶುರುವಾಗಿ ನಡುರಾತ್ರಿಯೊಳಗೆ ಮುಗಿಯುವ ಆಟದಲ್ಲಿ ಬಣ್ಣದ ವೇಷಧಾರಿ ಮಧ್ಯಾಹ್ನವೇ ಕೂರಬೇಕು. ಒಬ್ಬರೇ ಎರಡು ವೇಷ ಮಾಡಬೇಕಾಗಿ ಬಂದರೆ ಚಿಟ್ಟಿಗೆ ಸಮಯವೇ ಇರುವುದಿಲ್ಲ. ಗೆರೆಗಳಲ್ಲೇ ಮುಗಿಸಿಬಿಡುತ್ತಾರೆ. ನನಗೆ ಇದು ನೋವಿನ ಸಂಗತಿ.

ಬಣ್ಣಗಳು ಯಾವುವು? ಎಲ್ಲಿಂದ ಬರುತ್ತವೆ?

ಹಿಂದಿನವರು ಬಳಸುತ್ತಿದ್ದ ಬಣ್ಣಗಳು ಕೆಲವೇ. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇದು, ಕಪ್ಪಿಗೆ ಎಣ್ಣೆ ದೀಪದ ಮಸಿಯಿಂದ ಮಾಡಿದ ಕಾಡಿಗೆ. ಕುಂಕುಮವೂ ಇತ್ತು. ಕಲಸಲು ತೆಂಗಿನೆಣ್ಣೆ. ಅರದಾಳ, ಇಂಗಳೀಕ ಎರಡೂ ಖನಿಜಗಳು. ಗ್ರಂಧಿಗೆ ಅಂಗಡಿಯಿಂದ ಗಟ್ಟಿಗಳಾಗಿ ತಂದು, ಕಲ್ಲಿನ ಮೇಲೆ ತಾಳ್ಮೆಯಿಂದ ಅರೆಯಬೇಕಿತ್ತು. ತರಿ ಉಳಿದರೆ ಮುಖದ ಮೇಲೆ ಬಣ್ಣ ಸಮನಾಗಿ ಕೂರುವುದಿಲ್ಲ.

ಈಗ ಬಿಳಿಗೆ ಜಿಂಕ್ ಆಕ್ಸೈಡ್ ಪುಡಿ, ಉಳಿದವಕ್ಕೆ ಅಂಗಡಿಯಲ್ಲಿ ಸಿಗುವ ಮೇಕಪ್ ಬಣ್ಣಗಳು, ಪ್ಯಾನ್‌ಕೇಕ್. ಬಿಳಿ, ಹಳದಿ, ಕೆಂಪು ಮೂರನ್ನೂ ಎಣ್ಣೆಯಲ್ಲಿ ಕಲಸಿ ಮುಖದ ಮೂಲಬಣ್ಣ ಮಾಡುತ್ತಾರೆ. ಅಂಗೈಯೇ ಕಲಸುವ ತಟ್ಟೆ. ಕೈಯಲ್ಲಿ ತಿಕ್ಕಿದಾಗ ಅಂಗೈಯ ಬಿಸಿಗೆ ಎಣ್ಣೆ ಸಡಿಲವಾಗಿ ಪುಡಿ ಚೆನ್ನಾಗಿ ಬೆರೆಯುತ್ತದೆ. ಚಳಿಗಾಲದಲ್ಲಿ ಘಟ್ಟದ ಮೇಲಿನ ಊರುಗಳಿಗೆ ಆಟಕ್ಕೆ ಹೋದರೆ ತೆಂಗಿನೆಣ್ಣೆ ಹೆಪ್ಪುಗಟ್ಟಿರುತ್ತದೆ. ಆಗ ಅಂಗೈಯ ಬೆಲೆ ಗೊತ್ತಾಗುತ್ತದೆ.

ಯಾವುದು ಎಷ್ಟು ಪಾಲು ಎಂದು ಕೇಳಿದರೆ ಅಳತೆ ಹೇಳುವುದು ಕಷ್ಟ. ನಿಮ್ಮ ಚರ್ಮದ ಬಣ್ಣ, ಪಾತ್ರ, ರಂಗದ ಬೆಳಕು ಮೂರರ ಮೇಲೆ ಅದು ನಿಂತಿದೆ. ಕಪ್ಪು ಮೈಬಣ್ಣದವರು ಬಿಳಿ ಜಾಸ್ತಿ ಹಾಕಿದರೆ ಮುಖ ಬೂದು ಹೊಡೆಯುತ್ತದೆ. ಅವರಿಗೆ ಹಳದಿ, ಕೆಂಪು ಸ್ವಲ್ಪ ಮುಂದಿರಬೇಕು.

ಅರದಾಳ, ಇಂಗಳೀಕ ವಿಷ ಅಲ್ವಾ?

ವಿಷವೇ. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ ಇದೆ. ಎರಡೂ ಗಂಧಕದ ಜೊತೆ ಸೇರಿದ ಖನಿಜಗಳು. ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ ಎಂಬುದು ನಿಜ. ಆದರೂ ವರ್ಷವರ್ಷ, ರಾತ್ರಿ ರಾತ್ರಿ ಮುಖಕ್ಕೆ ಹಚ್ಚುವ, ಪುಡಿಯನ್ನು ಮೂಗಿಗೆ ಎಳೆದುಕೊಳ್ಳುವ ಮನುಷ್ಯನಿಗೆ ಅದು ಒಳ್ಳೆಯದಲ್ಲ. ಸಂಪ್ರದಾಯದ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ ಈ ಎರಡು ಬಣ್ಣ ಈಗ ಬೇಡ ಎಂದೇ ಹೇಳುತ್ತೇನೆ. ಚರ್ಮಕ್ಕೆ ಎಂದೇ ತಯಾರಾದ ಹಳದಿ, ಕೆಂಪು ಸಿಗುತ್ತವೆ, ಅವನ್ನೇ ತನ್ನಿ. ಹಾಗೆಯೇ ಗೋಡೆಗೆ ಬಳಿಯುವ ಡಿಸ್ಟೆಂಪರ್ ಪುಡಿ, ರಂಗೋಲಿ ಪುಡಿ, ಚಿತ್ರಕಲೆಯ ಪೋಸ್ಟರ್ ಕಲರ್ ಯಾವುದನ್ನೂ ಮುಖಕ್ಕೆ ಹಚ್ಚಬೇಡಿ. ಹೊಸ ಬಣ್ಣ ತಂದಾಗ ಮೊದಲು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ತುರಿಕೆ ಬಂದರೆ, ಕೆಂಪಾದರೆ ಆ ಬಣ್ಣ ಬಿಟ್ಟುಬಿಡಿ.

ಚಿಟ್ಟಿ ಅಂದರೇನು? ಆ ಬಿಳಿ ಮುಳ್ಳುಗಳನ್ನು ಹೇಗೆ ಮಾಡುತ್ತಾರೆ?

ರಾಕ್ಷಸನ ಮುಖದಲ್ಲಿ ಹುಬ್ಬಿನ ಮೇಲೆ, ಕೆನ್ನೆಯ ಸುತ್ತ, ಗಲ್ಲದವರೆಗೂ ಸಾಲಾಗಿ ಬಿಳಿ ಮುಳ್ಳುಗಳು ಎದ್ದಿರುತ್ತವಲ್ಲ, ಅದೇ ಚಿಟ್ಟಿ. ಬೆಳ್ತಿಗೆ ಅಕ್ಕಿ ಮತ್ತು ಸುಣ್ಣ, ಎರಡೇ ಸಾಮಾನು. ಅಕ್ಕಿ ನೆನೆಸಿ ನುಣ್ಣಗೆ ಅರೆಯಬೇಕು. ಬೆರಳ ನಡುವೆ ತಿಕ್ಕಿದರೆ ತರಿ ಸಿಗಲೇಬಾರದು. ಅದಕ್ಕೆ ಸ್ವಲ್ಪ ತಿನ್ನುವ ಸುಣ್ಣ ಸೇರಿಸಿ ಚೆನ್ನಾಗಿ ನಾದಬೇಕು. ಹದ ದೋಸೆ ಹಿಟ್ಟಿಗಿಂತ ಗಟ್ಟಿ ಇರಬೇಕು, ಕಡ್ಡಿಯಲ್ಲಿ ಎತ್ತಿದಾಗ ಬೀಳದೆ ಚೂಪಾಗಿ ನಿಲ್ಲಬೇಕು.

ಇದು ಕೆಲಸ ಮಾಡುವ ಬಗೆ ಸರಳ. ಅಕ್ಕಿಯ ಪಿಷ್ಟ ಅಂಟು ಕೊಡುತ್ತದೆ. ಸುಣ್ಣ ಗಾಳಿಗೆ ಒಣಗುತ್ತಾ ಗಟ್ಟಿಯಾಗುತ್ತದೆ, ಬಿಳುಪು ಕೊಡುತ್ತದೆ. ಸುಣ್ಣ ಕಡಿಮೆಯಾದರೆ ಮುಳ್ಳು ಮೆತ್ತಗಾಗಿ ಬಾಗುತ್ತದೆ. ಜಾಸ್ತಿಯಾದರೆ ಬಿರುಕು ಬಿಟ್ಟು ಉದುರುತ್ತದೆ, ಮುಖವೂ ಉರಿಯುತ್ತದೆ. ಆ ದಿನದ ಹವೆ ನೋಡಿ ಹದ ಬದಲಿಸಬೇಕು. ಕರಾವಳಿಯ ಸೆಕೆಯ ರಾತ್ರಿ ಹಿಟ್ಟು ಒಣಗಲು ಜಾಸ್ತಿ ಹೊತ್ತು ಬೇಕು.

ಇಡುವ ಕ್ರಮ ಹೀಗೆ. ಮೊದಲು ಮುಖದ ಮೇಲೆ ಕಪ್ಪು, ಕೆಂಪು ಗೆರೆಗಳಿಂದ ನಕ್ಷೆ ಬರೆದುಕೊಳ್ಳಬೇಕು. ಚಿಟ್ಟಿ ಕೂರುವ ದಾರಿ ಅದೇ. ಆ ಜಾಗದಲ್ಲಿ ಎಣ್ಣೆ ಕಡಿಮೆ ಇರಬೇಕು. ನೀರಿನ ಹಿಟ್ಟು ಎಣ್ಣೆಯ ಮೇಲೆ ನಿಲ್ಲುವುದಿಲ್ಲ. ಆಮೇಲೆ ತೆಳು ಕಡ್ಡಿಯ ತುದಿಯಲ್ಲಿ ಹಿಟ್ಟು ತೆಗೆದು ಚುಕ್ಕಿ ಇಡುತ್ತಾ ಹೋಗಬೇಕು. ಒಂದು ಸಾಲು ಮುಗಿಸುವ ಹೊತ್ತಿಗೆ ಶುರುವಿನ ಚುಕ್ಕಿ ಸ್ವಲ್ಪ ಬಿಗಿದಿರುತ್ತದೆ. ಅದರ ಮೇಲೆ ಮತ್ತೊಂದು, ಆಮೇಲೆ ಇನ್ನೊಂದು. ಕೊನೆಯ ಸಲ ಕಡ್ಡಿಯನ್ನು ಮೇಲಕ್ಕೆ ಎಳೆದು ಬಿಟ್ಟಾಗ ಮುಳ್ಳಿನ ಮೊನೆ ಬರುತ್ತದೆ. ಕಡ್ಡಿ ಎಳೆಯುವ ವೇಗದಲ್ಲೇ ಎಲ್ಲ ಇದೆ. ಬೇಗ ಎಳೆದರೆ ಮೊನೆ ಸಣ್ಣದಾಗಿ ಮುರಿಯುತ್ತದೆ, ನಿಧಾನವಾದರೆ ಮೊಂಡಾಗುತ್ತದೆ. ಇದನ್ನು ಬಾಯಲ್ಲಿ ಹೇಳಿ ಕಲಿಸಲು ಆಗುವುದಿಲ್ಲ. ಕೈಗೇ ಬರಬೇಕು.

ಮೂಗಿನ ತುದಿಗೆ, ಹಣೆಗೆ ಹತ್ತಿಯ ಉಂಡೆ ಅಂಟಿಸುವುದೂ ಉಂಟು. ಮೂಗು ದಪ್ಪ ಕಂಡರೆ ಮನುಷ್ಯನ ಮುಖದ ಅಂದಾಜು ತಪ್ಪಿ, ನೋಡುವವರಿಗೆ ಬೇರೆಯೇ ಜೀವಿ ಕಾಣಿಸುತ್ತದೆ.

ಸುಣ್ಣ ಮುಖ ಸುಡುವುದಿಲ್ಲವೇ? ಒಣಗಿದ ಮೇಲೆ ಹೇಗನಿಸುತ್ತದೆ?

ಹದ ಸರಿ ಇದ್ದರೆ ಸುಡುವುದಿಲ್ಲ, ಸ್ವಲ್ಪ ಚುರುಗುಡುತ್ತದೆ. ಆದರೆ ಸುಣ್ಣ ಸುಣ್ಣವೇ. ಆಟದ ದಿನ ಸಂಜೆ ಗಡ್ಡ ಬೋಳಿಸಬೇಡಿ, ಬೆಳಿಗ್ಗೆಯೇ ಮುಗಿಸಿ. ಹಸಿ ಗಾಯ, ಮೊಡವೆ ಒಡೆದ ಜಾಗ ಇದ್ದರೆ ಅಲ್ಲಿ ಇಡಬೇಡಿ. ಕಣ್ಣಿನ ತೀರ ಹತ್ತಿರಕ್ಕೆ ತರಲೇಬೇಡಿ. ಕಣ್ಣಿಗೆ ಬಿದ್ದರೆ ಉಜ್ಜದೆ ತಕ್ಷಣ ತುಂಬಾ ನೀರು ಹಾಯಿಸಿ ತೊಳೆದು, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಆಟ ಇನ್ನೊಂದು ದಿನ ಆಡಬಹುದು.

ಒಣಗುತ್ತಾ ಬಂದಂತೆ ಹಿಟ್ಟು ಚರ್ಮವನ್ನು ಒಳಕ್ಕೆ ಎಳೆಯುತ್ತದೆ. ಕೆನ್ನೆ ಬಿಗಿಯುತ್ತದೆ, ನಗಲು ಆಗುವುದಿಲ್ಲ, ಬಾಯಿ ಅಗಲಿಸಿ ಮಾತಾಡಲು ಆಗುವುದಿಲ್ಲ. ಹೀಗಾಗಿ ಊಟ ಮೊದಲೇ ಮುಗಿಸಿರಬೇಕು. ಆದರೆ ಈ ಬಿಗಿತವೇ ಪಾತ್ರಕ್ಕೆ ದಾರಿ ಮಾಡಿಕೊಡುತ್ತದೆ. ದಿನದ ಮುಖದಲ್ಲಿ ಮಾಡುವ ಸಣ್ಣಪುಟ್ಟ ಭಾವಗಳೆಲ್ಲ ಒಂದೊಂದಾಗಿ ನಿಂತುಹೋಗುತ್ತವೆ. ಕಣ್ಣು ಮತ್ತು ದನಿ ಮಾತ್ರ ಉಳಿಯುತ್ತವೆ. ಬಣ್ಣದ ವೇಷಕ್ಕೆ ಮಾತು ಕಡಿಮೆ, ಆರ್ಭಟೆ ಜಾಸ್ತಿ. ಅದಕ್ಕೆ ಈ ಬಿಗಿದ ಮುಖವೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ. ಗಂಟೆಗಟ್ಟಲೆ ಒಂದೇ ಕಡೆ ಕೂತು, ಅಲುಗಾಡದೆ, ಮಾತಿಲ್ಲದೆ ತನ್ನ ಮುಖ ಸ್ವಲ್ಪ ಸ್ವಲ್ಪವಾಗಿ ಮರೆಯಾಗುವುದನ್ನು ಕನ್ನಡಿಯಲ್ಲಿ ನೋಡಿದವನು ಎದ್ದು ನಿಂತಾಗ ಬೇರೆಯೇ ಆಗಿರುತ್ತಾನೆ. ಇನ್ನೊಬ್ಬರು ಬರೆದು ಕಳಿಸಿದ ಮುಖದಲ್ಲಿ ಈ ಅನುಭವ ಸಿಗುವುದು ಕಷ್ಟ. ಸ್ವತಃ ಬರೆಯಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಕನ್ನಡಿ ನೋಡಿಕೊಂಡು ಎರಡೂ ಕಡೆ ಒಂದೇ ತರ ಬರೆಯುವುದು ಹೇಗೆ?

ಹೊಸಬರು ಎಲ್ಲರೂ ಕೇಳುವ ಪ್ರಶ್ನೆ. ಎಡ ಹುಬ್ಬು ಮುಗಿಸಿ ಬಲಕ್ಕೆ ಬಂದಾಗ ಕೈ ತಿರುಗುವ ದಿಕ್ಕೇ ಬದಲಾಗುತ್ತದೆ. ಒಂದು ಗೆರೆಯನ್ನು ಎಳೆಯುತ್ತೀರಿ, ಇನ್ನೊಂದನ್ನು ದೂಡುತ್ತೀರಿ. ಎಳೆದ ಗೆರೆ ತೆಳ್ಳಗೆ ಬಂದರೆ ದೂಡಿದ್ದು ದಪ್ಪ ಆಗುತ್ತದೆ.

ಹಿರಿಯರು ಮಾಡುವುದನ್ನು ಗಮನಿಸಿ ನೋಡಿ. ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವುದಿಲ್ಲ. ಮೊದಲು ಹಣೆಯಿಂದ ಮೂಗಿನವರೆಗೆ ನಡುಗೆರೆ ಗುರುತಿಸಿಕೊಳ್ಳುತ್ತಾರೆ. ಆಮೇಲೆ ಎಡಕ್ಕೆ ಒಂದು ಗೆರೆ, ಬಲಕ್ಕೆ ಒಂದು ಗೆರೆ, ಹೀಗೆ ಜೋಡಿಯಾಗಿ ಬರೆಯುತ್ತಾ ಹೊರಗೆ ಹೋಗುತ್ತಾರೆ. ಬರೆಯುವ ಕೈಯ ಕಿರುಬೆರಳನ್ನು ಕೆನ್ನೆಗೋ ಗಲ್ಲಕ್ಕೋ ಊರುತ್ತಾರೆ, ಮೊಣಕೈಯನ್ನು ಮೊಣಕಾಲಿಗೆ ಕೊಡುತ್ತಾರೆ. ಆಗ ಕೈ ನಡುಗುವುದಿಲ್ಲ. ಇನ್ನೊಂದು ಕೈಯಿಂದ ಚರ್ಮ ಮೆಲ್ಲಗೆ ಎಳೆದು ಹಿಡಿಯುತ್ತಾರೆ. ಕಣ್ಣಿನ ಕೆಳಗಿನ ಗೆರೆ ಎಳೆಯುವಾಗ ಉಸಿರು ಹಿಡಿಯುತ್ತಾರೆ.

ಎಲ್ಲಕ್ಕಿಂತ ಮುಖ್ಯ, ಆಗಾಗ ಬರೆಯುವುದನ್ನು ನಿಲ್ಲಿಸಿ ಪಾತ್ರದ ಹಾಗೆ ಹುಬ್ಬು ಏರಿಸಿ, ಕಣ್ಣು ಅರಳಿಸಿ ನೋಡಿಕೊಳ್ಳುತ್ತಾರೆ. ಸುಮ್ನೆ ಇರುವ ಮುಖದ ಮೇಲೆ ಚೆನ್ನಾಗಿ ಕಂಡ ಗೆರೆ, ಹುಬ್ಬು ಏರಿದಾಗ ಮುರಿದ ಹಾಗೆ ಕಾಣಬಹುದು. ಯಾವ ಸ್ನಾಯು ಎಲ್ಲಿ ಮಡಿಚುತ್ತದೆ ಎಂಬುದು ಆ ಮುಖದ ಒಡೆಯನಿಗೆ ಮಾತ್ರ ಒಳಗಿನಿಂದ ಗೊತ್ತು. ಎಷ್ಟೇ ನುರಿತ ಮೇಕಪ್‌ನವರಿದ್ದರೂ ಹೊರಗಿನಿಂದ ಅದು ಅಷ್ಟು ಸಲೀಸಾಗಿ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಎರಡು ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರುವುದಿಲ್ಲ. ಚಿಂತೆ ಬೇಡ. ಯಾರ ಮುಖವೂ ಹುಟ್ಟಿನಿಂದಲೇ ಎರಡೂ ಕಡೆ ಒಂದೇ ತರ ಇರುವುದಿಲ್ಲ.

ಬ್ರಷ್ ಯಾವುದು ತರಬೇಕು?

ಮೂಲಬಣ್ಣಕ್ಕೆ ಬೆರಳು. ಗೆರೆಗೆ, ಚಿಟ್ಟಿಗೆ ತೆಂಗಿನ ಗರಿಯ ಕಡ್ಡಿ, ಅಂದರೆ ಹಿಡಿಸೂಡಿ ಕಡ್ಡಿ. ಬೇಕಾದಷ್ಟು ತೆಳ್ಳಗೆ ಕೆತ್ತಿಕೊಳ್ಳಬಹುದು. ಬಣ್ಣ ಇಡಲು ಗೆರಟೆ. ಈಗ ತೆಳು ಬ್ರಷ್ ಕೂಡ ಬಳಸುತ್ತಾರೆ, ತಪ್ಪೇನಿಲ್ಲ.

ತೆಂಕು ಮತ್ತು ಬಡಗಿನ ಮುಖದಲ್ಲಿ ಏನು ವ್ಯತ್ಯಾಸ?

ಚಿಟ್ಟಿಯ ಮುಳ್ಳುಮುಖ ಈಗ ತೆಂಕುತಿಟ್ಟಿನಲ್ಲೇ ಜಾಸ್ತಿ. ಕಾಸರಗೋಡು, ದಕ್ಷಿಣ ಕನ್ನಡದ ಕಡೆ ಅದು ಬೆಳೆದು ನಿಂತಿದೆ. ಚಂದ್ರಗಿರಿ ಅಂಬು, ಬಣ್ಣದ ಮಹಾಲಿಂಗ ಅವರ ಹೆಸರುಗಳನ್ನು ಹಳಬರು ಇವತ್ತಿಗೂ ಗೌರವದಿಂದ ಹೇಳುತ್ತಾರೆ. ಮಹಾಲಿಂಗ ಅವರಿಗೆ ಬಣ್ಣದ ವೇಷವೇ ಹೆಸರಿನ ಭಾಗವಾಗಿಬಿಟ್ಟಿತು. ಉಡುಪಿಯಿಂದ ಉತ್ತರಕ್ಕೆ, ಬಡಗುತಿಟ್ಟಿನಲ್ಲಿ ಮುಂಡಾಸಿನ ವೇಷಗಳೇ ದೊಡ್ಡ ಆಕರ್ಷಣೆ. ಅಲ್ಲಿ ಮುಖದ ಮೂಲಬಣ್ಣ, ಹಣೆಯ ನಾಮ, ಕೆನ್ನೆಯ ಕಡೆ ಬರೆಯುವ ಮುದ್ರೆಗಳಲ್ಲಿ ಸೂಕ್ಷ್ಮ ಜಾಸ್ತಿ. ಶಿವರಾಮ ಕಾರಂತರು ಬಡಗಿನ ಈ ಮುಖವರ್ಣಿಕೆ, ವೇಷಭೂಷಣವನ್ನು ಬಹಳ ಆಸಕ್ತಿಯಿಂದ ಅಭ್ಯಾಸ ಮಾಡಿದ್ದರು.

ಯಾವುದು ಮೇಲು ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಎರಡನ್ನೂ ನೋಡಿ.

ಪಾತ್ರಕ್ಕೆ ಇಂಥದ್ದೇ ಮುಖ ಎಂದು ಕಟ್ಟುನಿಟ್ಟು ಇದೆಯೇ? ಸ್ವಂತ ಕಲ್ಪನೆಗೆ ಜಾಗ ಇದೆಯೇ?

ಚೌಕಟ್ಟು ಇದೆ. ರಾಜವೇಷ, ಪುಂಡುವೇಷ, ಸ್ತ್ರೀವೇಷ, ಬಣ್ಣದ ವೇಷ, ಹೆಣ್ಣುಬಣ್ಣ ಎಂದು ವಿಭಾಗಗಳಿವೆ. ರಾವಣ, ಮಹಿಷಾಸುರ, ಕುಂಭಕರ್ಣ, ಘಟೋತ್ಕಚ ಇವೆಲ್ಲ ಗಂಡು ಬಣ್ಣ. ಶೂರ್ಪನಖಿ, ಪೂತನಿ, ಅಜಮುಖಿ ಹೆಣ್ಣುಬಣ್ಣ. ಪೂತನಿ ಚೆಲುವೆಯಾಗಿ ವೇಷ ಮರೆಸುವ ಸಂದರ್ಭ ಬಂದಾಗ ಅದಕ್ಕೆ ಬೇರೆ ಕಲಾವಿದರೇ ಇರುತ್ತಾರೆ. ಚಿಟ್ಟಿ ಇಟ್ಟವರು ಹೋಗಿ ಬದಲಿಸಿ ಬರಲು ಆಗುವುದಿಲ್ಲ.

ಈ ಚೌಕಟ್ಟಿನೊಳಗೆ ಪ್ರತಿ ಕಲಾವಿದರ ಕೈ ಬೇರೆ. ಹುಬ್ಬಿನ ಬಾಗು, ಕಣ್ಣಿನ ಸುತ್ತ ಕಪ್ಪು ಎಲ್ಲಿಗೆ ನಿಲ್ಲಬೇಕು, ಕೆಂಪು ಎಷ್ಟು ಅಗಲ ಎಂಬುದೆಲ್ಲ ಅವರವರ ಮುಖದ ಆಕಾರ ನೋಡಿ ಬದಲಾಗುತ್ತದೆ. ಉದ್ದ ಮುಖದವರು ಕೆನ್ನೆಯ ಚಿಟ್ಟಿಯನ್ನು ಹೊರಕ್ಕೆ ತಳ್ಳಿ ಮುಖ ಅಗಲ ಮಾಡಿಕೊಳ್ಳುತ್ತಾರೆ. ದೂರದಲ್ಲಿ ನಿಂತು ನೋಡಿದರೂ ಇದು ಇಂಥವರ ಕೈ ಎಂದು ಹಳೆಯ ಪ್ರೇಕ್ಷಕರು ಹೇಳಿಬಿಡುತ್ತಾರೆ. ಹೊಸತು ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಟಿವಿ ಧಾರಾವಾಹಿಯ ರಾಕ್ಷಸರನ್ನು ನೋಡಿ ಮುಖಕ್ಕೆ ಮಿಂಚು, ಪ್ಲಾಸ್ಟಿಕ್ ಹಲ್ಲು ಅಂಟಿಸುವುದು ಹೊಸತನ ಅಲ್ಲ. ಇರುವ ಗೆರೆಗಳನ್ನು ಕೈಗೆ ತಂದುಕೊಂಡ ಮೇಲೆ ಬದಲಾವಣೆ ತಾನಾಗಿ ಬರುತ್ತದೆ.

ಫೋಟೋದಲ್ಲಿ ಅತಿಯಾಗಿ ಕಾಣುವ ಬಣ್ಣ ರಂಗದಲ್ಲಿ ಯಾಕೆ ಸರಿಯಾಗಿ ಕಾಣುತ್ತದೆ?

ಈ ಮುಖಗಳು ಹುಟ್ಟಿದ್ದು ಬೆಂಕಿಯ ಬೆಳಕಿಗೆ. ದೀವಟಿಗೆ, ದೊಂದಿಯ ಬೆಳಕಿನಲ್ಲಿ ಹಳದಿ, ಕೆಂಪಿನ ಪಾಲು ಜಾಸ್ತಿ, ನೀಲಿ ತೀರ ಕಡಿಮೆ. ಆ ಬೆಳಕಿನಲ್ಲಿ ನೀಲಿ ಮಂಕಾಗುತ್ತದೆ. ಹಳದಿ, ಕೆಂಪು ಹೊಳೆಯುತ್ತವೆ. ಕಪ್ಪು, ಬಿಳಿ ಎದ್ದು ಕಾಣುತ್ತವೆ. ನಮ್ಮ ಹಿರಿಯರ ಪೆಟ್ಟಿಗೆಯಲ್ಲಿ ಇದ್ದದ್ದು ಹೆಚ್ಚುಕಮ್ಮಿ ಅವೇ ನಾಲ್ಕು. ಬೆಂಕಿ ಅಲುಗಾಡಿದಾಗ ಚಿಟ್ಟಿಯ ಪ್ರತಿ ಮುಳ್ಳಿನ ನೆರಳೂ ಮುಖದ ಮೇಲೆ ಕುಣಿಯುತ್ತದೆ. ಕಲಾವಿದ ಸುಮ್ಮನೆ ನಿಂತಿದ್ದರೂ ಮುಖ ಚಲಿಸುತ್ತದೆ.

ಆಮೇಲೆ ಗ್ಯಾಸ್‌ಲೈಟ್ ಬಂತು, ಟ್ಯೂಬ್‌ಲೈಟ್ ಬಂತು, ಈಗ ಎಲ್‌ಇಡಿ. ಬಿಳಿ ಎಲ್‌ಇಡಿ ನೇರ ಮುಂದಿನಿಂದ ಬಿದ್ದರೆ ಮುಳ್ಳಿಗೆ ನೆರಳೇ ಇಲ್ಲ, ಎಲ್ಲ ಚಪ್ಪಟೆ. ಸಂಘಟಕರಲ್ಲಿ ನನ್ನದೊಂದು ಬೇಡಿಕೆ ಇದೆ. ಬಣ್ಣದ ವೇಷದ ಪ್ರವೇಶಕ್ಕಾದರೂ ಎದುರಿನ ಬಿಳಿ ದೀಪಗಳನ್ನು ಇಳಿಸಿ, ಬದಿಯಿಂದ ಹಳದಿ ಬೆಳಕು ಕೊಡಿ. ದೊಂದಿ ಇದ್ದರಂತೂ ಬೇರೆ ಏನೂ ಬೇಡ. ಕಲಾವಿದರೂ ಅಷ್ಟೇ, ಚೌಕಿಯ ಬಿಳಿ ದೀಪದಲ್ಲಿ ಬರೆದ ಮುಖವನ್ನು ಒಮ್ಮೆ ಹಳದಿ ಬೆಳಕಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಅಷ್ಟು ಕುಣಿದರೂ ಬೆವರಿಗೆ ಬಣ್ಣ ಇಳಿಯುವುದಿಲ್ಲವಲ್ಲ?

ಎಣ್ಣೆಯಲ್ಲಿ ಕಲಸಿದ ಬಣ್ಣ ಬೆವರಿಗೆ ಬೇಗ ಕರಗುವುದಿಲ್ಲ. ಅದರ ಮೇಲೆ ಪೌಡರ್ ಒತ್ತಿದರೆ ಇನ್ನೂ ಭದ್ರ. ಒತ್ತಬೇಕು, ತಿಕ್ಕಬಾರದು. ರಂಗದಿಂದ ಬಂದ ಮೇಲೆ ಮುಖ ಒರೆಸಬಾರದು, ಬಟ್ಟೆಯನ್ನು ಹಗುರಾಗಿ ಒತ್ತಿ ತೆಗೆಯಬೇಕು.

ಚೌಕಿಗೆ ಹೋಗಿ ನೋಡಬಹುದೇ? ಫೋಟೋ ತೆಗೆಯಬಹುದೇ?

ನೋಡಬಹುದು. ಹೆಚ್ಚಿನ ಮೇಳಗಳಲ್ಲಿ ಬೇಡ ಎನ್ನುವುದಿಲ್ಲ. ಆದರೆ ಚೌಕಿಯಲ್ಲಿ ದೇವರು ಇರುತ್ತಾರೆ, ಚಪ್ಪಲಿ ಹೊರಗೆ ಬಿಡಿ. ಕಲಾವಿದರು ಎದುರುಬದುರು ಸಾಲಾಗಿ ಕೂತಿರುತ್ತಾರೆ. ಯಾರು ಎಲ್ಲಿ ಕೂರಬೇಕು ಎಂಬುದಕ್ಕೂ ಕ್ರಮ ಇದೆ. ಅವರ ಪೆಟ್ಟಿಗೆ ದಾಟಬೇಡಿ, ಕಿರೀಟ ಮುಟ್ಟಬೇಡಿ. ಮುಖ್ಯವಾಗಿ ಕಲಾವಿದರಿಗೂ ಅವರ ಬೆಳಕಿಗೂ ನಡುವೆ ನಿಲ್ಲಬೇಡಿ. ಚಿಟ್ಟಿ ಇಡುತ್ತಿರುವವರ ಮುಖದ ಹತ್ತಿರ ಮೊಬೈಲ್ ಹಿಡಿದು "ಅಣ್ಣಾ, ಇಲ್ಲಿ ಸ್ವಲ್ಪ ನೋಡಿ" ಎನ್ನುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅವರು ತಲೆ ಎತ್ತಿದರೆ ಒಂದು ಸಾಲು ಕೆಡುತ್ತದೆ. ಫ್ಲ್ಯಾಶ್ ಬೇಡ. ಮಾತಾಡಿಸಬೇಕಾದರೆ ಆಟ ಮುಗಿದು, ಬಣ್ಣ ತೆಗೆದ ಮೇಲೆ ಮಾತಾಡಿಸಿ. ಆಗ ಖುಷಿಯಿಂದ ಹೇಳುತ್ತಾರೆ.

ಬೆಳಿಗ್ಗೆ ಬಣ್ಣ ತೆಗೆಯುವುದು ಹೇಗೆ?

ಚಿಟ್ಟಿ ಇದ್ದರೆ ಮೊದಲು ಅದು. ಒಣಗಿದ್ದನ್ನು ಕಿತ್ತರೆ ಚರ್ಮವೂ ಹುಬ್ಬಿನ ಕೂದಲೂ ಬರುತ್ತವೆ. ಒದ್ದೆ ಬಟ್ಟೆ ಒತ್ತಿ ಹಿಡಿದು, ಮೆತ್ತಗಾದ ಮೇಲೆ ಬಿಡಿಸಬೇಕು. ಆಮೇಲೆ ತೆಂಗಿನೆಣ್ಣೆ ಧಾರಾಳವಾಗಿ ಹಚ್ಚಿ ವೃತ್ತಾಕಾರದಲ್ಲಿ ತಿಕ್ಕಿದರೆ ಬಣ್ಣ ಏಳುತ್ತದೆ. ಹಳೆ ಹತ್ತಿ ಬಟ್ಟೆಯಲ್ಲಿ ಒರೆಸಿ. ಎಣ್ಣೆಯಲ್ಲಿ ಕೂತ ಬಣ್ಣವನ್ನು ಎಣ್ಣೆಯೇ ಬಿಡಿಸಬೇಕು, ಸೋಪು ಮೊದಲೇ ಹಾಕಬೇಡಿ. ಕೊನೆಗೆ ಕಡಲೆ ಹಿಟ್ಟಿನಲ್ಲೋ ಮೃದು ಸೋಪಿನಲ್ಲೋ ತೊಳೆಯಿರಿ. ಕಿವಿಯ ಹಿಂದೆ, ಕೂದಲ ಅಂಚಿನಲ್ಲಿ, ಮೂಗಿನ ಬದಿಯಲ್ಲಿ ಬಣ್ಣ ಉಳಿಯುತ್ತದೆ. ಎಷ್ಟೇ ನಿದ್ದೆ ಬರುತ್ತಿದ್ದರೂ ಅದನ್ನು ತೆಗೆದೇ ಮಲಗಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಬಣ್ಣ ಹಚ್ಚುವ ಮೊದಲೇ ಹಾಕಿ, ಬಣ್ಣ ತೆಗೆಯುವ ಮೊದಲೇ ತೆಗೆಯಿರಿ.

ಮುಖವಾಡ ಹಾಕಿದರೆ ಕೆಲಸ ಸುಲಭ ಅಲ್ವಾ?

ಸುಲಭ. ಆದರೆ ಮುಖವಾಡದ ಕಣ್ಣಿನ ಸುತ್ತ ಚರ್ಮ ಅಲುಗುವುದಿಲ್ಲ. ಚಿಟ್ಟಿ ಎಷ್ಟೇ ಬಿಗಿದರೂ ಅದರ ನಡುವೆ ಇರುವುದು ಜೀವಂತ ಕಣ್ಣು, ಹುಬ್ಬು. ಹುಬ್ಬು ಏರಿದಾಗ ಮುಳ್ಳಿನ ಸಾಲೂ ಏರುತ್ತದೆ. ಅದನ್ನು ನೋಡಿಯೇ ಮಕ್ಕಳು ಅಜ್ಜಿಯ ಸೆರಗಿನ ಹಿಂದೆ ಅಡಗುವುದು.

ಮಕ್ಕಳ ಮುಖಕ್ಕೆ ಚಿಟ್ಟಿ ಇಡಬಹುದೇ?

ಬೇಡ. ಮಕ್ಕಳ ಚರ್ಮ ಮೃದು, ಅಷ್ಟು ಹೊತ್ತು ಅಲುಗಾಡದೆ ಕೂರಿಸುವುದೂ ಸರಿಯಲ್ಲ. ಮಕ್ಕಳ ಮೇಳದಲ್ಲಿ ರಾಕ್ಷಸ ಬೇಕಾದರೆ ಚರ್ಮಕ್ಕೆ ಹೊಂದುವ ಬಿಳಿ ಬಣ್ಣದ ಚುಕ್ಕಿಗಳಲ್ಲೇ ಚಿಟ್ಟಿಯ ಆಕಾರ ಬರೆಯಿರಿ, ದೂರಕ್ಕೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಹತ್ತು ಹನ್ನೆರಡು ವರ್ಷದ ಮಕ್ಕಳ ಕೈಗೆ ಒಂದು ಕನ್ನಡಿ ಕೊಟ್ಟು ತಮ್ಮ ನಾಮ, ಹುಬ್ಬು ತಾವೇ ಬರೆಯಲು ಬಿಡಿ. ಓರೆಕೋರೆ ಬಂದರೂ ಬರಲಿ. ಟೀಚರ್ ತಿದ್ದಬಹುದು, ಅಳಿಸಿ ಪೂರ್ತಿ ಬರೆದುಕೊಡಬಾರದು.

ಹೆಂಗಸರು ಬಣ್ಣದ ವೇಷ ಮಾಡುತ್ತಾರಾ?

ಮಾಡುತ್ತಾರೆ. ಹೆಂಗಸರದ್ದೇ ತಂಡಗಳಿವೆ, ಅವರು ರಾಕ್ಷಸ ವೇಷವನ್ನೂ ತಾವೇ ಬರೆದು ಕುಣಿಯುತ್ತಾರೆ. ಮುಖ ಬರೆಯುವುದರಲ್ಲಿ ಗಂಡು ಹೆಣ್ಣು ಎಂಬ ಭೇದಕ್ಕೆ ಕಾರಣವೇ ಇಲ್ಲ.

ಎಲ್ಲಿ ಕಲಿಯಬಹುದು?

ಉಡುಪಿಯಲ್ಲಿ 1971ರಲ್ಲಿ ಶುರುವಾದ ಯಕ್ಷಗಾನ ಕೇಂದ್ರ ಇದೆ. ಹೊನ್ನಾವರದ ಹತ್ತಿರ ಗುಣವಂತೆಯಲ್ಲಿ, 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಕೆರೆಮನೆಯವರು ಕಲಿಸುವ ಕೇಂದ್ರ ನಡೆಸುತ್ತಾರೆ. ಇವೆರಡೂ ಬಡಗಿನವು. ತೆಂಕಿನ ಚಿಟ್ಟಿ ಕಲಿಯಬೇಕಾದರೆ 'ನಾಟ್ಯ ಕ್ಲಾಸ್' ನಡೆಸುವ ತೆಂಕಿನ ಗುರುಗಳನ್ನು ಹುಡುಕಿ. ಮಂಗಳೂರು, ಪುತ್ತೂರು, ಕಾಸರಗೋಡಿನ ಸುತ್ತ ಬೇಕಾದಷ್ಟು ಜನ ಇದ್ದಾರೆ. ಬೆಂಗಳೂರು, ಮುಂಬೈ, ದುಬೈಗಳಲ್ಲೂ ಕರಾವಳಿಯವರು ಕ್ಲಾಸ್ ನಡೆಸುತ್ತಾರೆ. ಸೇರುವಾಗ ಒಂದು ಮಾತು ಕೇಳಿ: ಕುಣಿತದ ಜೊತೆ ಮುಖವರ್ಣಿಕೆಯನ್ನೂ ಕಲಿಸುತ್ತೀರಾ? ಎಷ್ಟೋ ಕಡೆ ಕುಣಿತ, ಮಾತು ಎರಡಕ್ಕೇ ನಿಲ್ಲಿಸುತ್ತಾರೆ. ವಿದ್ಯಾರ್ಥಿಗಳು ಕೇಳಲು ಶುರುಮಾಡಿದರೆ ಗುರುಗಳೂ ಕಲಿಸುತ್ತಾರೆ.

ಮನೆಯಲ್ಲಿ ಅಭ್ಯಾಸ ಶುರುಮಾಡಲು ಏನು ಬೇಕು?

ಮೊದಲ ದಿನವೇ ಚಿಟ್ಟಿಗೆ ಕೈ ಹಾಕಬೇಡಿ. ಕಾಡಿಗೆ, ಕಡ್ಡಿ, ಕನ್ನಡಿ ಇಟ್ಟುಕೊಂಡು ಹುಬ್ಬಿನ ಗೆರೆ ಮಾತ್ರ ಬರೆಯಿರಿ, ಅಳಿಸಿ, ಮತ್ತೆ ಬರೆಯಿರಿ. ನೆಲದ ಮೇಲೆ ಚಕ್ಕಳಮಕ್ಕಳ ಕೂತು ಬರೆಯಿರಿ. ಮೇಜು, ಕುರ್ಚಿ ಅಭ್ಯಾಸವಾದರೆ ಚೌಕಿಯಲ್ಲಿ ಕಷ್ಟ. ಅದು ಕೈಗೆ ಬಂದ ಮೇಲೆ ಎಣ್ಣೆ, ಬಿಳಿ, ಹಳದಿ, ಕೆಂಪು ಕಲಸಿ ಮೂಲಬಣ್ಣ ಸಮನಾಗಿ ಹಚ್ಚಲು ಕಲಿಯಿರಿ. ಚಿಟ್ಟಿಯ ಹಿಟ್ಟನ್ನು ಸುಣ್ಣ ಇಲ್ಲದೆ, ಬರೀ ಅಕ್ಕಿಯಲ್ಲಿ ಅರೆದು ಮುಂಗೈಯ ಮೇಲೆ ಮುಳ್ಳು ಎಳೆಯುವ ಅಭ್ಯಾಸ ಮಾಡಿ. ಸುಣ್ಣದ ಪ್ರಮಾಣವನ್ನು ಗುರುಗಳ ಎದುರಲ್ಲೇ ಕಲಿಯಬೇಕು.

ಚೌಕಿ ನೋಡಲು ಯಾವಾಗ ಬರಬೇಕು?

ಮೇಳಗಳ ತಿರುಗಾಟ ದೀಪಾವಳಿ ಕಳೆದ ಮೇಲೆ ಶುರುವಾಗುತ್ತದೆ. ಮೇ ತಿಂಗಳ ಕೊನೆಯ ವಾರ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತಾರೆ, ಅಂದರೆ ತಿರುಗಾಟ ಮುಗಿಸುತ್ತಾರೆ. ಆಮೇಲೆ ಮಳೆಗಾಲ. ಆದ್ದರಿಂದ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಬನ್ನಿ. 'ದೇವಿ ಮಹಾತ್ಮೆ' ಪ್ರಸಂಗ ಇರುವ ರಾತ್ರಿ ಆರಿಸಿಕೊಂಡರೆ ಮಹಿಷಾಸುರ ಸಿಗುತ್ತಾನೆ. ಇಡೀ ರಾತ್ರಿಯ ಆಟವಾದರೆ ಊಟ ಮುಗಿಸಿ ಹತ್ತು ಗಂಟೆಗೆ ಚೌಕಿಯ ಬಾಗಿಲಲ್ಲಿರಿ. ಕಾಲಮಿತಿ ಆಟವಾದರೆ ಮಧ್ಯಾಹ್ನ ಮೂರು ಗಂಟೆಗೇ ಬನ್ನಿ. ಬಣ್ಣದ ವೇಷಧಾರಿ ಕೂರುವ ಜಾಗ ಯಾವುದು ಎಂದು ನೇಪಥ್ಯದವರನ್ನು ಕೇಳಿ, ಎದುರು ಗೋಡೆಗೆ ಒರಗಿ ಕೂತುಕೊಳ್ಳಿ. ನೀರಿನ ಬಾಟಲಿ ತನ್ನಿ.